ಪಂಪು ಮನೆ ಗೋಡೆಯ ಮಣ್ಣಿನ ಗೂಡುಗಳು

ಸೌಟು ಮಾಮ ಎಲೆಕೋಸಿನ ಒಂದು ಎಲೆ ಬಿಡಿಸಿ ನೋಡಿದರು. ಹುಳ. ಇನ್ನೊಂದು ಎಲೆ ಬಿಡಿಸಿದರು. ಅಲ್ಲೂ ಒಂದು ಹಸಿರು ಹುಳ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ.

ಸೌಟು ಮಾಮ ಅಂದರೆ ಶಾಲೆಯ ಹಾಸ್ಟೆಲಿನ ಅಡುಗೆಯವರು. ಕೈಯಿಂದ ಸೌಟು ಕೆಳಗಿಡುವುದೇ ಇಲ್ಲವೆಂದು ಮಕ್ಕಳು ಇಟ್ಟ ಹೆಸರು ಅದು. ಈಗಲೂ ಅವರು ಸೌಟಿನ ತುದಿಯಿಂದಲೇ ಹುಳವನ್ನು ತೋರಿಸಿದರು.

"ನೋಡಮ್ಮ, ಈ ತಿಂಗಳು ಇದು ಮೂರನೇ ಸಲ. ನೂರಿಪ್ಪತ್ತು ಮಕ್ಕಳು ಊಟ ಮಾಡ್ತಾರೆ. ಒಂದು ತಟ್ಟೆಯಲ್ಲಿ ಹುಳ ಕಂಡ್ರೆ ನೂರಿಪ್ಪತ್ತು ತಟ್ಟೆನೂ ವಾಪಸ್ ಬರುತ್ತೆ. ಬರೋ ಸೋಮವಾರನೂ ಹೀಗೇ ಇದ್ರೆ, ಆಮೇಲೆ ಎಲ್ಲ ತರಕಾರಿ ಪೇಟೆ ಲಾರಿಯಿಂದಲೇ ತರಿಸ್ತೀನಿ. ಬೇಜಾರು ಮಾಡ್ಕೋಬೇಡ."

ಬುಟ್ಟಿ ಹೊತ್ತು ಬಂದಿದ್ದವಳು ಹತ್ತಿರದ ತೋಟದ ಮನೆಯ ಸೊಸೆ. ಅವಳ ಮನೆಯವರು ಬೆಳೆಯುವುದೆಲ್ಲ ಈ ಹಾಸ್ಟೆಲಿಗೇ. ಇದು ತಪ್ಪಿದರೆ ಬೇರೆ ಬಾಗಿಲು ಅವಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದರೆ ಗಂಡ ಆಗಲೇ ಔಷಧಿ ಬಾಟಲಿ ಹಿಡಿದು ಕೂತಿದ್ದ.

"ಈ ಸಲ ಎರಡು ಮುಚ್ಚಳ ಹಾಕ್ತೀನಿ."

"ಹೋದ ವಾರ ಒಂದು ಹಾಕಿದ್ರಿ. ಹುಳ ಹೋಯ್ತಾ?"

"ಅದಕ್ಕೇ ಎರಡು."

ಜಗಲಿಯಲ್ಲಿ ಮಂಚಕ್ಕೆ ಹಗ್ಗ ಹೆಣೆಯುತ್ತಿದ್ದ ಅತ್ತೆ ಅಲ್ಲಿಂದಲೇ, "ಹುಳಕ್ಕೆ ಬುದ್ಧಿ ಬರೋವರೆಗೂ ಹಾಕು" ಅಂದರು.

ಸೊಸೆ ಬಾಟಲಿ ಇಸಕೊಂಡು ಚೀಟಿಯ ಸಣ್ಣ ಅಕ್ಷರ ಓದಿದಳು. "ಹೊಡೆದ ಮೇಲೆ ಏಳು ದಿನ ಕೊಯ್ಯಬಾರದು ಅಂತಿದೆ. ಸೋಮವಾರಕ್ಕೆ ನಾಲ್ಕೇ ದಿನ. ಮಕ್ಕಳು ತಿನ್ನೋದು ಇದನ್ನ." ಬಾಟಲಿಯನ್ನು ಅಟ್ಟದ ಮೇಲಿಟ್ಟು ಹುಳದಕ್ಕನಿಗೆ ಫೋನ್ ಮಾಡಿದಳು.

ಹುಳದಕ್ಕ ಸೊಸೆಯ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಈಗ ಕೃಷಿ ಕಚೇರಿಯಲ್ಲಿ ಕೀಟ ನೋಡುವ ಕೆಲಸ. ಕೊರಳಲ್ಲಿ ಸರದ ಬದಲು ಭೂತಗನ್ನಡಿ ಹಾಕಿಕೊಂಡು ಸ್ಕೂಟರಿನಲ್ಲಿ ಬಂದಳು.

"ಬಂದಳಪ್ಪ, ಹುಳಕ್ಕೆ ಜ್ವರ ನೋಡೋಳು," ಅಂದರು ಅತ್ತೆ.

"ನಿಮ್ಮ ತೋಟದ ಹುಳ ಗಟ್ಟಿಮುಟ್ಟಾಗಿವೆ ದೊಡ್ಡಮ್ಮ. ಜ್ವರ ಬಂದಿರೋದು ನಿಮ್ಮ ಸೊಸೆಗೆ."

ಅವಳು ಕೋಸಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಗಳನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ಕೇಳಿದಳು, "ಹೋದ ವರ್ಷ ಇಷ್ಟು ಹುಳ ಇರಲಿಲ್ಲ. ಈ ಮೂರು ತಿಂಗಳಲ್ಲಿ ಇಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ಏನೂ ಇಲ್ಲ," ಅಂದ ಗಂಡ.

"ಏನೂ ಇಲ್ಲ ಅಂದ್ರೇನೋ?" ಅತ್ತೆಗೆ ಸಿಟ್ಟು ಬಂತು. "ಪಂಪು ಮನೆಗೆ ಸುಣ್ಣ ಹೊಡೆದೋಳು ನಾನು. ಗೋಡೆ ತುಂಬಾ ಮಣ್ಣಿನ ಉಂಡೆ ಉಂಡೆ. ಎಲ್ಲ ಸಟ್ಟುಗದಲ್ಲಿ ಕೆರೆದು ತೆಗೆದೆ. ಬದುವಿನ ಮೇಲಿನ ಕಳೆಹೂವನ್ನೂ ಬೇರುಸಮೇತ ಕಿತ್ತೆ. ನೋಡೋರ ಕಣ್ಣಿಗೆ ಚೆನ್ನಾಗಿರಬೇಕಲ್ಲ."

"ಪಂಪು ಮನೆನ ಯಾರು ನೋಡ್ತಾರೆ ಅತ್ತೆ?"

"ನಾನು ನೋಡ್ತೀನಿ."

ಹುಳದಕ್ಕ ಎದ್ದು ನಿಂತಳು. "ಒಂದು ಉಂಡೆನೂ ಉಳಿದಿಲ್ವಾ?"

"ಸ್ವಿಚ್ಚಿನ ಪೆಟ್ಟಿಗೆ ಹಿಂದೆ ಒಂದಿದೆ. ಕರೆಂಟು ಹೊಡೆಯುತ್ತೆ ಅಂತ ಕೈ ಹಾಕಲಿಲ್ಲ."

ಗಂಡ ಮೇನ್ ಸ್ವಿಚ್ಚು ಆರಿಸಿ ಪೆಟ್ಟಿಗೆಯ ತಿರುಪು ಬಿಚ್ಚಿದ. ಹಿಂದೆ ಹೆಬ್ಬೆಟ್ಟಿನ ಗಾತ್ರದ ಮಣ್ಣಿನ ಗೂಡು ಅಂಟಿಕೊಂಡಿತ್ತು. ಹುಳದಕ್ಕ ತಲೆಯಿಂದ ಪಿನ್ನು ತೆಗೆದು ಗೂಡಿನ ಒಂದು ಕೋಣೆಯನ್ನು ಮೆಲ್ಲಗೆ ಒಡೆದಳು. ಒಳಗಿದ್ದದ್ದನ್ನು ಅತ್ತೆಯ ಅಂಗೈಗೆ ಸುರಿದು ಭೂತಗನ್ನಡಿ ಕೊಟ್ಟಳು.

ಅತ್ತೆ ತುಂಬಾ ಹೊತ್ತು ನೋಡಿದರು. "ಇವು ಕೋಸಿನ ಹುಳ."

"ಹೌದು. ಎಣಿಸಿ."

"ಒಂಬತ್ತು... ಹತ್ತು... ಹನ್ನೊಂದು. ಸತ್ತಿಲ್ಲ, ಮೆಲ್ಲಗೆ ಮಿಸುಕಾಡ್ತಿವೆ. ಯಾರು ತುಂಬಿದ್ದು?"

"ಕಣಜ. ಚುಚ್ಚಿ ಮಲಗಿಸಿ ತಂದು ತುಂಬುತ್ತೆ. ಜೊತೆಗೆ ಒಂದು ಮೊಟ್ಟೆ ಇಟ್ಟು ಬಾಗಿಲಿಗೆ ಮಣ್ಣು ಮೆತ್ತುತ್ತೆ. ಮರಿ ಹೊರಗೆ ಬಂದಾಗ ಊಟ ಪಕ್ಕದಲ್ಲೇ ಇರುತ್ತೆ."

"ಅಯ್ಯೋ, ಮರಿಯ ಬುತ್ತಿ ಬಿಚ್ಚಿಬಿಟ್ಯಲ್ಲೇ." ಅತ್ತೆ ಅಂಗೈಯನ್ನೇ ನೋಡುತ್ತಾ ನಿಂತರು. ಆಮೇಲೆ ದನಿ ಇಳಿಸಿ ಕೇಳಿದರು, "ನಾನು ಕೆರೆದದ್ದು ಮೂವತ್ತಾದ್ರೂ ಇತ್ತು. ಒಂದೊಂದರಲ್ಲೂ ಹೀಗೇ ಇತ್ತಾ?"

"ಕೆಲವು ಗೂಡಿನಲ್ಲಿ ಜೇಡ ಇದ್ದಿರಬಹುದು. ಕೆಲವು ಖಾಲಿ. ಆದ್ರೆ ಸುಮಾರು ಗೂಡಿನಲ್ಲಿ ಇದೇ ಇದ್ದಿರಬೇಕು."

ಗಂಡ ಕೇಳಿದ, "ಹಾಗಾದ್ರೆ ಕಣಜ ಒಂದಿದ್ರೆ ಸಾಕಾ?"

"ಅದೊಂದೇ ಸಾಲದು. ಎಲೆಯ ಅಡಿಯಲ್ಲಿ ಜೇಡ ಬೇಕು. ಕಾಲುವೆ ಹತ್ತಿರ ಕಪ್ಪೆ ಬೇಕು, ಬೆಳಗ್ಗೆ ಹಕ್ಕಿ ಬರಬೇಕು. ಕಣಜಕ್ಕೂ ಕುಡಿಯೋಕೆ ಹೂವಿನ ರಸ ಬೇಕು, ದೊಡ್ಡಮ್ಮ ಕಿತ್ತ ಕಳೆಹೂವು ಅದಕ್ಕೇ ಇದ್ದದ್ದು. ಇವನ್ನ ಅದು ತಿನ್ನುತ್ತೆ, ಅದನ್ನ ಇನ್ನೊಂದು ತಿನ್ನುತ್ತೆ. ನೆಟ್ಟಗಿನ ಗೆರೆ ಅಲ್ಲ ಅದು, ಬಲೆ. ನಿಮ್ಮ ಔಷಧಿಗೆ ಹೆಸರು ನೋಡಿ ಕೊಲ್ಲೋಕೆ ಬರಲ್ಲ. ಹುಳದ ಜೊತೆ ಹುಳ ತಿನ್ನೋರನ್ನೂ ಕೊಲ್ಲುತ್ತೆ. ಹುಳ ಬೇಗ ವಾಪಸ್ ಬರುತ್ತೆ, ಅವರು ನಿಧಾನವಾಗಿ ಬರ್ತಾರೆ."

"ನನ್ನ ಮಂಚದ ಹಾಗೆ," ಅಂದರು ಅತ್ತೆ. "ಒಂದು ಹಗ್ಗ ಹರಿದ್ರೆ ಮಲಗಿದೋರಿಗೆ ಗೊತ್ತೇ ಆಗಲ್ಲ. ಎರಡು ಹರಿದ್ರೂ ನಿದ್ದೆ ಬರುತ್ತೆ. ಐದಾರು ಹೋದ ಮೇಲೆ ಸೊಂಟ ಹೇಳುತ್ತೆ."

"ನಾನು ಇದನ್ನ ಹೇಳೋಕೆ ಮೂರು ವರ್ಷ ಓದಿದೆ ದೊಡ್ಡಮ್ಮ."

ಗಂಡನಿಗೆ ಇನ್ನೂ ಸಮಾಧಾನವಿಲ್ಲ. "ಎಲ್ಲ ಸರಿ. ಸೋಮವಾರಕ್ಕೆ ಏನು?"

"ಸೋಮವಾರದೊಳಗೆ ಕಣಜ ಬರಲ್ಲ. ಈ ಸಲ ನೀವೇ ಕಣಜ ಆಗಬೇಕು. ಕೈಯಲ್ಲೇ ಆರಿಸಿ. ಎಲೆಯ ಅಡಿ ಮೊಟ್ಟೆ ಕಂಡ್ರೆ ಹೊಸಕಿ. ಹೆಚ್ಚು ಹಾಳಾದ ಗಿಡ ಕಿತ್ತು ಹಾಕಿ."

ನಾಲ್ಕು ದಿನ ಬೆಳಗ್ಗೆ ಮೂವರೂ ಸಾಲು ಹಂಚಿಕೊಂಡು ಕೂತರು. ಅತ್ತೆಯ ಡಬ್ಬಿಯಲ್ಲೇ ಹುಳ ಹೆಚ್ಚು. "ಕಣ್ಣಿಗೆ ಪೊರೆ ಬಂದಿದೆ ಅಂತಿದ್ರಿ?" ಎಂದು ಸೊಸೆ ಕೇಳಿದರೆ, "ಸೂಜಿಗೆ ದಾರ ಪೋಣಿಸು ಅಂದಾಗ ಮಾತ್ರ ಬರುತ್ತೆ" ಅಂದರು.

ಸೋಮವಾರ ಸೌಟು ಮಾಮ ಮೂರು ಕೋಸು ಹೆಚ್ಚಿ ತಿರುಳಿನವರೆಗೂ ನೋಡಿದರು. ಏನೂ ಸಿಗಲಿಲ್ಲ. ಆಮೇಲೆ ಬುಟ್ಟಿಯೊಳಗೆ ಇಣುಕಿದರು.

"ಕೋಸು ಅರ್ಧನೇ ಇದೆಯಲ್ಲ?"

"ಹೌದು ಮಾಮ. ಚೆನ್ನಾಗಿರೋದಷ್ಟೇ ತಂದೆ. ಉಳಿದದ್ದಕ್ಕೆ ಬೀನ್ಸು, ಸೋರೆಕಾಯಿ, ಸೊಪ್ಪು ತಂದಿದ್ದೀನಿ. ಇನ್ನೆರಡು ತಿಂಗಳು ಹೀಗೇ ಇರುತ್ತೆ. ಸುಳ್ಳು ಹೇಳಲ್ಲ." ಅವಳು ಗೂಡಿನ ಕಥೆ, ಮಂಚದ ಮಾತು, ಎಲ್ಲ ಹೇಳಿದಳು.

ಸೌಟು ಮಾಮ ಮೊದಲ ಸಲ ಸೌಟು ಕೆಳಗಿಟ್ಟರು.

"ಹೋದ ವರ್ಷ ನಾಲ್ಕು ದಿನ ಲಾರಿ ಬರಲಿಲ್ಲ, ನೆನಪಿದೆಯಾ? ಎಲ್ಲೋ ಒಂದು ಸೇತುವೆ ಕುಸಿದಿತ್ತು. ಇನ್ನೆಲ್ಲೋ ಬಂದರಿನಲ್ಲಿ ಹಡಗು ನಿಂತು ಎಣ್ಣೆನೂ ಬರಲಿಲ್ಲ. ಆ ಊರುಗಳ ಹೆಸರೂ ನನಗೆ ಗೊತ್ತಿಲ್ಲ. ಖಾಲಿ ಆಗಿದ್ದು ಮಾತ್ರ ನನ್ನ ಪಾತ್ರೆ. ಆ ನಾಲ್ಕು ದಿನ ನಡೆಸಿದ್ದು ನಿಮ್ಮ ಸೋರೆಕಾಯಿ. ಮಳೆಗೆ ನಿಮ್ಮ ಬೆಳೆ ಹಾಳಾದಾಗ ನಡೆಸಿದ್ದು ಲಾರಿ." ಅವರು ತಲೆ ಕೆರೆದುಕೊಂಡರು. "ನನ್ನ ಅಡುಗೆಮನೆನೂ ನಿಮ್ಮತ್ತೆ ಮಂಚನೇ ಅನ್ನು. ಲಾರಿನೂ ಇರಲಿ, ನೀವೂ ಇರಿ. ಒಂದೇ ತರಕಾರಿ ಬೇಡ, ಬೆಳೆದದ್ದೆಲ್ಲ ಸ್ವಲ್ಪ ಸ್ವಲ್ಪ ತಾ. ಏನು ಬರುತ್ತೋ ನೋಡಿ ಸಾರು ಮಾಡ್ತೀನಿ."

ಈಗ ಬದುವಿನ ಮೇಲೆ ಹಳದಿ ಹೂವು ಮತ್ತೆ ಎದ್ದಿದೆ. ಕೋಸಿನಲ್ಲಿ ಹುಳ ಪೂರ್ತಿ ಹೋಗಿಲ್ಲ. ಆದರೆ ಬೆಳಗ್ಗೆ ಒಬ್ಬರು ಕೂತು ಆರಿಸುವಷ್ಟಕ್ಕೆ ಇಳಿದಿದೆ. ಪಂಪು ಮನೆ ಗೋಡೆಯಲ್ಲಿ ಹದಿನಾಲ್ಕು ಗೂಡು. ಅತ್ತೆ ದಿನಾ ನಲ್ಲಿಯ ಬುಡದಲ್ಲಿ ಒಂದು ಹಿಡಿ ಮಣ್ಣು ಒದ್ದೆ ಮಾಡಿ ಇಡುತ್ತಾರೆ. ಕಣಜ ಬಂದು ಉಂಡೆ ಕಟ್ಟಿಕೊಂಡು ಹೋಗುತ್ತದೆ. ಮೊನ್ನೆ ಗಂಡ ಪಂಪು ಮನೆಯ ಜೇಡನ ಬಲೆ ಹೊಡೆಯಲು ಪೊರಕೆ ಹಿಡಿದು ಹೋದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಹೊರಗೆ ನಡಿ. ಅದು ಬಾಣಂತಿ ಮನೆ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿಂಗೋಡೆಯಲ್ಲೂ ಇಂಥ ಒಂದು ಮಣ್ಣಿನ ಗೂಡು ಇರಬಹುದು. ಹಾಸಿಗೆಯ ಹತ್ತಿರ ಇದ್ದರೆ, ಮಕ್ಕಳ ಕೈಗೆ ಸಿಗುವಂತಿದ್ದರೆ ತಿಳಿದವರನ್ನು ಕರೆದು ತೋರಿಸಿ. ತೊಂದರೆ ಇಲ್ಲದ ಕಡೆ ಇದ್ದರೆ ಬಿಟ್ಟುಬಿಡಿ. ಔಷಧಿ ಹೊಡೆಯುವ ಮುಂಚೆ ಚೀಟಿ ಪೂರ್ತಿ ಓದಿ, ಎಲೆ ತಿರುಗಿಸಿ ಅಲ್ಲಿ ಯಾರು ಯಾರಿದ್ದಾರೆ ನೋಡಿ. ಒಂದೇ ಬೆಳೆಯ ಪಕ್ಕದಲ್ಲಿ ಇನ್ನೆರಡು ಬೆಳೆ ಹಾಕಿ. ತಟ್ಟೆಯಲ್ಲಿ ಒಂದೇ ತರಕಾರಿ ದಿನಾ ಬರುತ್ತಿದ್ದರೆ, ಅದು ಎಲ್ಲಿಂದ ಬರುತ್ತದೆ, ಬಾರದಿದ್ದರೆ ಏನು ತಿನ್ನುತ್ತೇವೆ ಎಂದು ಮನೆಯಲ್ಲಿ ಒಂದು ಸಲ ಮಾತಾಡಿ. ನಾವೆಲ್ಲ ಮಲಗಿರುವುದು ಅದೇ ಮಂಚದ ಮೇಲೆ. ಹಗ್ಗ ಹರಿಯುವ ಮುಂಚೆ ಒಮ್ಮೆ ಬಗ್ಗಿ ನೋಡೋಣ.