ಒದೆಯದ ಬಂದೂಕು

ನಾನು ಒಂದು ರೈಫಲ್. ದೊಡ್ಡದೇನಲ್ಲ. ನೆಟ್ಟಗೆ ನಿಲ್ಲಿಸಿದರೆ ಒಂಬತ್ತು ವರ್ಷದ ಹುಡುಗಿಯ ಎದೆಯವರೆಗೆ ಬರುತ್ತೇನೆ, ಅಷ್ಟೇ. ನನ್ನ ಜನನ ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಆಯಿತು. ಅಕ್ರೋಟಿನ ಮರವನ್ನು ಕೆತ್ತಿ ನನಗೆ ಮೈ ಕೊಟ್ಟರು, ಉಕ್ಕನ್ನು ಕೊರೆದು ನಳಿಗೆ ಮಾಡಿದರು. ನನ್ನ ಪಕ್ಕದಲ್ಲೇ ಹುಲಿ, ಆನೆ ಹೊಡೆಯುವ ಭಾರಿ ಬಂದೂಕುಗಳೂ ತಯಾರಾಗುತ್ತಿದ್ದವು. ಅವುಗಳ ಮುಂದೆ ನಾನು ಆಟದ ಸಾಮಾನಿನಂತೆ ಕಾಣುತ್ತಿದ್ದೆ. ಹೆಂಗಸರಿಗೂ ಮಕ್ಕಳಿಗೂ ಆಗಲಿ ಎಂದೇ ನನ್ನನ್ನು ಹಾಗೆ ಮಾಡಿದ್ದರು.

ಬಂದೂಕು ಹಿಡಿಯದವರಿಗೆ ಒಂದು ಮಾತು ತಿಳಿಸಿಬಿಡುತ್ತೇನೆ. ಗುಂಡು ಮುಂದಕ್ಕೆ ಹಾರುವಾಗ ಬಂದೂಕು ಹಿಂದಕ್ಕೆ ಬಂದು ಹೆಗಲಿಗೆ ಬಡಿಯುತ್ತದೆ. ಅದಕ್ಕೆ ಜನ ಒದೆತ ಎನ್ನುತ್ತಾರೆ. ನಮಗೆ ಬಾಯಿಲ್ಲ, ಕೈಕಾಲಿಲ್ಲ. ಹಿಡಿದವರಿಗೆ ನಾವು ಏನಾದರೂ ಹೇಳುವುದಿದ್ದರೆ ಆ ಒಂದು ಒದೆತದಲ್ಲೇ ಹೇಳಬೇಕು. ನನ್ನದು ಸಣ್ಣ ಗುಂಡು, ಕಡಿಮೆ ಮದ್ದು. ಹೀಗಾಗಿ ನನಗೆ ಅದನ್ನೂ ಕೊಡಲಿಲ್ಲ.

ನನ್ನನ್ನು ಮೊದಲು ಕೊಂಡವಳು ಒಬ್ಬ ದೊರೆಸಾನಿ. ಅವಳ ಗಂಡ ಹೊಳೆಗೆ ಅಣೆಕಟ್ಟು ಕಟ್ಟಿಸಲು ಬಂದಿದ್ದ ಇಂಜಿನಿಯರು. ಅವಳು ಬಂಗಲೆಯ ಹಿಂದೆ ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟು ಹೊಡೆಯುತ್ತಿದ್ದಳು. ಎಷ್ಟೋ ಸಲ ಬಾಟಲಿ ಹಾಗೇ ನಿಂತಿರುತ್ತಿತ್ತು, ಅವಳೇ ನಗುತ್ತಿದ್ದಳು. ಅದು ನನ್ನ ಜೀವನದ ಸುಖದ ಕಾಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಊರು ಬಿಟ್ಟು ಹೋಗುವಾಗ ಅವರು ನನ್ನನ್ನು ಬಳ್ಳಾರಿಯ ಒಂದು ಬಂದೂಕಿನ ಅಂಗಡಿಗೆ ಕೊಟ್ಟುಹೋದರು.

ಅಂಗಡಿಯ ಇಮಾಮಸಾಬರು ನನ್ನನ್ನು ಗಾಜಿನ ಕಪಾಟಿನಲ್ಲಿ ನಿಲ್ಲಿಸಿದರು. ಬಂದವರೆಲ್ಲ ನನ್ನನ್ನು ನೋಡಿ, ಇದೇನು ಗುಬ್ಬಿ ಹೊಡೆಯುವುದಕ್ಕೋ ಎಂದು ನಕ್ಕು ಹೋಗುತ್ತಿದ್ದರು. ಕೊನೆಗೆ ಒಂದು ದಿನ ಜಡೆಪ್ಪ ನಾಯಕರು ಬಂದರು. ಕೊಪ್ಪಳ ಸೀಮೆಯ ಎರೆಭೂಮಿಯ ಊರೊಂದರ ಹಿರಿಯರು. ಮನೆತನದ ತುಂಬ ಬೇಟೆಗಾರರೇ. ಬಿಳಿ ಮೀಸೆ, ಕಣ್ಣಿಗೆ ಪೊರೆ ಬರತೊಡಗಿತ್ತು. ಬಗಲಲ್ಲಿದ್ದ ಚೀಲದ ತುಂಬ ಮಾಗಿದ ಬಾಳೆಹಣ್ಣು.

"ಒದಿಲಾರದ ಬಂದೂಕು ಬೇಕು ಸಾಬರ. ಚಿಗರಿ ಬೀಳಬೇಕು, ಹೆಗಲು ನೋಯಬಾರದು. ನನ್ನ ಮೊಮ್ಮಗಳಿಗೆ," ಎಂದರು. ಚಿಗರಿ ಅಂದರೆ ಕೃಷ್ಣಮೃಗ.

"ಮೊಮ್ಮಗಳಿಗೇನ್ರಿ?"

"ಮಗನಿಗೆ ಇರೋದು ಅದೊಂದ ಕೂಸು. ಗಂಡೋ ಹೆಣ್ಣೋ, ಬಂದೂಕಿಗೇನು ಗೊತ್ತಾಗ್ತೈತಿ?"

ಸಾಬರು ಅಂಗಡಿಯ ಬಂದೂಕುಗಳನ್ನೆಲ್ಲ ಊರಾಚೆಯ ಕಲ್ಲಿನ ಕ್ವಾರಿಗೆ ಹೊರಿಸಿಕೊಂಡು ಬಂದರು. ನಾಯಕರು ಪ್ರತಿ ಬಂದೂಕಿನ ಹಿಂಬದಿಗೂ ತಮ್ಮ ಹೆಗಲಿಗೂ ನಡುವೆ ಒಂದು ಬಾಳೆಹಣ್ಣು ಇಟ್ಟುಕೊಂಡು ಗುಂಡು ಹಾರಿಸಿದರು. ಒಂದೊಂದಕ್ಕೂ ಹಣ್ಣು ಅಪ್ಪಚ್ಚಿಯಾಗಿ ಅಂಗಿಯ ತುಂಬ ಹರಿಯಿತು. ಸಾಬರು ನಗು ತಡೆಯಲಾರದೆ ಆಚೆ ತಿರುಗಿ ನಿಂತರು. ಕಡೆಗೆ ನನ್ನ ಪಾಳಿ ಬಂತು. ಹಣ್ಣಿನ ಸಿಪ್ಪೆ ಸ್ವಲ್ಪ ಕಂದಿತು, ಒಡೆಯಲಿಲ್ಲ. ನಾಯಕರು ಅದನ್ನು ಸುಲಿದು ಅಲ್ಲೇ ತಿಂದು, ಅಂಗಿ ಒರೆಸಿಕೊಳ್ಳುತ್ತ, "ಇದs ಆಗ್ಲಿ," ಎಂದರು. ನನಗೆ ಹೆಮ್ಮೆಯಾಯಿತು. ಮೊದಲ ಸಲ ಯಾರೋ ನನ್ನ ಕುಂದನ್ನೇ ಗುಣವೆಂದು ಮೆಚ್ಚಿದ್ದರು.

ಆ ಹುಡುಗಿಯ ಹೆಸರು ಹುಲಿಗೆವ್ವ. ಹಿಂದಿನ ವರ್ಷ ನಾಯಕರು ಅವಳ ಕೈಗೆ ಮನೆಯ ಜೋಡುನಳಿಗೆಯ ಬಂದೂಕನ್ನು ಕೊಟ್ಟಿದ್ದರಂತೆ. ಅದು ಅವಳನ್ನು ಹಿಂದಕ್ಕೆ ಎತ್ತಿ ಹಾಕಿತು. ಬಲ ಹೆಗಲು ನೇರಳೆ ಹಣ್ಣಿನ ಬಣ್ಣವಾಗಿತ್ತಂತೆ. ಆಮೇಲೆ ಯಾರು ಬೇಟೆಯ ಮಾತೆತ್ತಿದರೂ ಅವಳು ಹೆಗಲು ಹಿಡಿದುಕೊಳ್ಳುತ್ತಿದ್ದಳು. "ನೋಯ್ತೈತಿ ಮುತ್ಯಾ," ಎಂದು ಅಜ್ಜನಿಗೆ ಹೇಳುತ್ತಿದ್ದಳು. ಅದಕ್ಕೇ ಅವರು ನನ್ನನ್ನು ಹುಡುಕಿಕೊಂಡು ಬಳ್ಳಾರಿಯ ತನಕ ಬಂದಿದ್ದರು.

ಮೊದಲ ದಿನವೇ ನಾವಿಬ್ಬರೂ ಗೆಳತಿಯರಾದೆವು. ಊರ ಹೊರಗಿನ ದಿಬ್ಬದ ಮೇಲೆ ಒಡೆದ ಗಡಿಗೆಗಳನ್ನು ಇಟ್ಟರು. ಹುಲಿಗೆವ್ವ ಹೊಡೆದಳು ನೋಡಿ! ಗಡಿಗೆಯ ಮೇಲೆ ಗಡಿಗೆ ಹಾರಿದವು. ದೊರೆಸಾನಿ ಇದನ್ನು ನೋಡಿದ್ದರೆ ಬಾಯಿಯ ಮೇಲೆ ಬೆರಳಿಡುತ್ತಿದ್ದಳು. ಹುಡುಗಿ ಕುಣಿದಾಡಿ ನನ್ನ ನಳಿಗೆಗೆ ಮುತ್ತಿಟ್ಟಳು. ನಾಯಕರಿಗೆ ದೂರದ ಗಡಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಒಡೆದ ಸದ್ದು ಕೇಳಿಯೇ ಮೀಸೆ ತೀಡುತ್ತಿದ್ದರು.

ಆದರೆ ನಾನು ಅವಳ ಹೆಗಲಿಗೆ ಆತುಕೊಂಡು ಕೂರುವವಳು. ನನಗೆ ಒಂದು ಸಂಗತಿ ತಿಳಿದುಹೋಯಿತು. ಆ ಹೆಗಲಲ್ಲಿ ನೋವಿರಲಿಲ್ಲ. ಹಳೆಯ ಪೆಟ್ಟು ಯಾವಾಗಲೋ ಮಾಯವಾಗಿತ್ತು. ಗಡಿಗೆ ಹೊಡೆಯುವಾಗ ಅವಳು ನನ್ನನ್ನು ಗಟ್ಟಿಯಾಗಿ ಅವುಚಿಕೊಳ್ಳುತ್ತಿದ್ದಳು, ಚೂರೂ ಹಿಂಜರಿಯುತ್ತಿರಲಿಲ್ಲ. ಹುಡುಗಿಗೆ ಬೇಡವಾಗಿದ್ದು ಒದೆತವಲ್ಲ, ಕೊಲ್ಲುವುದು. ಬೇಡ ಎಂದು ಬಾಯಿಬಿಟ್ಟು ಹೇಳಲು ಆ ಮನೆಯಲ್ಲಿ ಎಡೆಯಿರಲಿಲ್ಲ. ಹೆಗಲು ನೋಯುತ್ತದೆ ಎಂದರೆ ಮಾತ್ರ ಎಲ್ಲರೂ ಕೇಳುತ್ತಿದ್ದರು. ಅವಳು ಆ ಒಂದು ಮಾತಿನ ಮರೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಆ ಮರೆಯನ್ನು ಕಿತ್ತುಹಾಕಲು ನಾನು ಬಂದಿದ್ದೆ. ಯಾರಿಗೆ ಹೇಳಲಿ, ಹೇಗೆ ಹೇಳಲಿ?

ನಾಯಕರ ಮನೆಯಲ್ಲಿ ಖಂಡೇನವಮಿಯ ಪೂಜೆ ಜೋರು. ಆಯುಧಗಳನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ, ಮಣೆಯ ಮೇಲೆ ಇಟ್ಟು ಪೂಜಿಸುತ್ತಾರೆ. ಅಲ್ಲೊಂದು ಕಟ್ಟಳೆ ಇತ್ತು. ಬೇಟೆ ಮಾಡದ ಬಂದೂಕಿಗೆ ಆ ಮಣೆಯಲ್ಲಿ ಜಾಗವಿಲ್ಲ. ಈ ವರ್ಷ ಮೊಮ್ಮಗಳ ಬಂದೂಕು ಪೂಜೆಗೆ ಕೂರಲೇಬೇಕು ಎಂದು ನಾಯಕರು ಹಟ ಹಿಡಿದರು. "ನನ್ನ ಕಣ್ಣು ಇರೋದ್ರಾಗ ಒಮ್ಮೆ ನೋಡಬೇಕಪ್ಪ," ಎಂದು ಮಗ ಪರಸಪ್ಪನ ಮುಂದೆ ಅಂದರು. ಮಗ ಎದುರಾಡುವವನಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿದರು. ಹೊಸದಾಗಿ ಮೊಳೆತ ಬಿಳಿಜೋಳದ ಹೊಲಗಳಿಗೆ ಚಿಗರಿಗಳ ಹಿಂಡು ಮೇಯಲು ಬರುತ್ತಿತ್ತು. ಮನುಷ್ಯ ಕಂಡರೆ ಚಿಗರಿ ಗಾಳಿಯಾಗುತ್ತದೆ, ಆದರೆ ದಿನಾ ನೋಡುವ ಎತ್ತಿನ ಗಾಡಿಗೆ ಹೆದರುವುದಿಲ್ಲ. ಬೇಟೆಗಾರರು ಗಾಡಿಯ ಮರೆಯಲ್ಲಿ ನಡೆದು, ಗಾಡಿ ನಿಲ್ಲದೆ ಮುಂದಕ್ಕೆ ಹೋಗುತ್ತಿರುವಾಗ ಹಿಂದೆಯೇ ನೆಲಕ್ಕೆ ಕುಸಿದು ಉಳಿಯುತ್ತಾರೆ. ಚಿಗರಿಯ ಕಣ್ಣೆಲ್ಲ ಗಾಡಿಯ ಮೇಲೇ ಇರುತ್ತದೆ. ಪರಸಪ್ಪ ಗಾಡಿ ಹೊಡೆದುಕೊಂಡು ಹೋದ. ಅಜ್ಜ, ಮೊಮ್ಮಗಳು, ನಾನು ಹೊಲದ ಬದುವಿನ ಹಿಂದೆ ಉಳಿದೆವು.

ಹಿಂಡಿನ ಅಂಚಿನಲ್ಲಿ ಒಂದು ಗಂಡು ಚಿಗರಿ ನಿಂತಿತ್ತು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು. ಗಾಡಿಯತ್ತ ನೋಡುತ್ತ ಮೊಳಕೆ ಮೆಲ್ಲುತ್ತಿತ್ತು.

"ಕಾಣಾಕತ್ತೈತೇನವ್ವಾ?" ನಾಯಕರು ಪಿಸುಗುಟ್ಟಿದರು.

"ಹೂಂ."

"ಹೊಡಿ ಮತ್ತ."

ಅವಳ ಎದೆಬಡಿತ ನನ್ನ ಮರದೊಳಗೆ ಕೇಳುತ್ತಿತ್ತು.

"ಮುತ್ಯಾ, ಹೆಗಲು ನೋಯ್ತೈತಿ."

ನಾಯಕರು ಪ್ರೀತಿಯಿಂದಲೇ ಅವಳ ತಲೆ ಸವರಿದರು. "ಹುಚ್ಚಿ, ಇದು ಒದಿಯಂಗಿಲ್ಲ. ಅದಕ್ಕs ಅಲ್ಲೇನು ಇದನ್ನ ತಂದಿದ್ದು?"

ಅವಳ ಹತ್ತಿರ ಮತ್ತೊಂದು ಮಾತಿರಲಿಲ್ಲ. ಮುತ್ಯಾನ ಮುಖ ನೋಡಿದಳು. ಪೊರೆ ಬಂದ ಆ ಕಣ್ಣುಗಳಿಗೆ ಅವಳ ಮುಖ ಕಾಣಲಿಲ್ಲ. ಅವಳು ನನ್ನತ್ತ ಬಾಗಿ ಕೆನ್ನೆ ಒತ್ತಿದಳು. ಕೆನ್ನೆ ಒದ್ದೆಯಾಗಿತ್ತು. ನಾನು ತುಕ್ಕು ಹಿಡಿಯಬಾರದಿತ್ತೇ, ನನ್ನ ತೋಟಾ ಠುಸ್ಸೆನ್ನಬಾರದಿತ್ತೇ ಎಂದು ಹಂಬಲಿಸಿದೆ. ನಾಯಕರು ದಿನಾ ತಮ್ಮ ಕೈಯಾರೆ ಎಣ್ಣೆ ಹಾಕಿ ಒರೆಸುತ್ತಿದ್ದ ಬಂದೂಕು ನಾನು. ನನ್ನಲ್ಲಿ ಯಾವ ದೋಷವೂ ಇರಲಿಲ್ಲ. ಅವಳು ಟ್ರಿಗರ್ ಎಳೆದಳು, ನಾನು ಸಿಡಿದೆ.

ಗುಂಡು ಚಿಗರಿಯ ಪಕ್ಕೆಯ ಹಿಂದೆ ತಾಗಿತು. ಅದು ಒಂದು ಆಳೆತ್ತರ ನೆಗೆದು ಓಡಿತು. ದೊಡ್ಡ ಬಂದೂಕಾಗಿದ್ದರೆ ಅಲ್ಲೇ ಕೆಡವುತ್ತಿತ್ತು. ಮಗುವಿನ ಹೆಗಲನ್ನು ಕಾಪಾಡಿದ ನನ್ನ ಸಣ್ಣ ಗುಂಡಿಗೆ ಅಷ್ಟು ತಾಕತ್ತಿರಲಿಲ್ಲ. ಬಾಳೆಹಣ್ಣಿನಿಂದ ಹೆಗಲಿನ ನೋವನ್ನು ಅಳೆದರು, ಚಿಗರಿಯ ನೋವನ್ನು ಯಾರೂ ಅಳೆದಿರಲಿಲ್ಲ.

ನೆತ್ತರಿನ ಜಾಡು ಹಿಡಿದು ಹೋದೆವು. ಪರಸಪ್ಪನೂ ಗಾಡಿ ಬಿಟ್ಟು ಬಂದ. ಎರಡು ಹೊಲದಾಚೆ ಜಾಲಿಗಿಡದ ಬುಡದಲ್ಲಿ ಅದು ಕುಳಿತಿತ್ತು. ಮುಂಗಾಲು ಮಡಚಿ, ಕತ್ತು ನೆಟ್ಟಗೆ ಮಾಡಿ ನಮ್ಮನ್ನೇ ನೋಡುತ್ತಿತ್ತು. ಏಳಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಪರಸಪ್ಪ ಜೋಡುನಳಿಗೆಯನ್ನು ಎತ್ತಿದ. ನಾಯಕರು ಅದರ ನಳಿಗೆಯನ್ನು ಹಿಡಿದು ಕೆಳಕ್ಕೆ ತಗ್ಗಿಸಿದರು.

"ಅಕಿ ಬ್ಯಾಟಿ ಅದು. ಅಕೀನs ಮುಗಸ್ಲಿ."

"ಅಪ್ಪಾ, ಕೂಸು ನಡುಗಾಕತ್ತೈತಿ."

"ನಾನೂ ನಡುಗಿದ್ದೆ. ಇನ್ನೊಬ್ಬರು ಮುಗಿಸಿದ್ರ ಬಂದೂಕು ಪೂಜಿಗೆ ಕೂರಂಗಿಲ್ಲ, ನಿನಗ ಗೊತ್ತಿಲ್ಲೇನು?"

ಪರಸಪ್ಪನಿಗೆ ಗೊತ್ತಿತ್ತು. ತಲೆ ತಗ್ಗಿಸಿ ನಿಂತ. ಹುಲಿಗೆವ್ವ ಹತ್ತಿರ ಹೋದಳು. ಒಂದು ಗುಂಡು ಸಾಲಲಿಲ್ಲ. ಮತ್ತೊಂದೂ ಸಾಲಲಿಲ್ಲ. ಹುಡುಗಿ ಪ್ರತಿ ಸಲವೂ ಅಂಗಿಯ ಜೇಬಿನಿಂದ ತೋಟಾ ತೆಗೆದು ನನಗೆ ತುಂಬುತ್ತಿದ್ದಳು. ಅವಳ ಬೆರಳು ಜಾರುತ್ತಿದ್ದವು. ಚಿಗರಿ ಕೂಗಲಿಲ್ಲ, ಅವಳೂ ಕೂಗಲಿಲ್ಲ. ನಾನು ಮಾತ್ರ ಮತ್ತೆ ಮತ್ತೆ ಸದ್ದು ಮಾಡಿದೆ. ಎಲ್ಲ ಮುಗಿದ ಮೇಲೆ ನಾಯಕರು ಮಂಡಿಯೂರಿ, ಬೆರಳಿಗೆ ನೆತ್ತರು ಹಚ್ಚಿಕೊಂಡು, ಮೊಮ್ಮಗಳ ಹಣೆಯನ್ನು ತಡವಿ ಹುಡುಕಿ ಬೊಟ್ಟಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಸಂತೋಷದ ನೀರು.

ಮರುದಿನ ನನ್ನನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿ ಚೆಂಡುಹೂ ಏರಿಸಿದರು. ಮಂಗಳಾರತಿಗೆ ಎಲ್ಲರೂ ಕೈಮುಗಿದರು. ಹುಲಿಗೆವ್ವ ಎಡಗೈಯಿಂದ ಬಲ ಹೆಗಲನ್ನು ಹಿಡಿದುಕೊಂಡು ನಿಂತಿದ್ದಳು.

"ಯಾಕವ್ವಾ?" ಎಂದಳು ತಾಯಿ ಯಂಕವ್ವ.

"ಹೆಗಲು ನೋಯಾಕತ್ತೈತಿ."

ಈ ಸಲ ಅದು ಸುಳ್ಳಲ್ಲ. ತಾಯಿ ಅಂಗಿ ಬಿಚ್ಚಿ ನೋಡಿದಳು, ಬಾವಿಲ್ಲ, ಕಲೆಯಿಲ್ಲ. ಅರಿಸಿನ ಎಣ್ಣೆ ತಿಕ್ಕಿದರು, ಬಿಸಿ ಉಸುಕಿನ ಗಂಟಿನಿಂದ ಕಾವು ಕೊಟ್ಟರು, ಎಲುಬು ಕೂರಿಸುವವನನ್ನು ಕರೆಸಿದರು. ಅವನು ಒತ್ತಿ ನೋಡಿ, ಎಲ್ಲ ನೆಟ್ಟಗಿದೆ ಎಂದು ಹೋದ. ನೋವು ಮಾತ್ರ ಹೋಗಲಿಲ್ಲ. ಬಲಗೈ ತಲೆಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಬರಬರುತ್ತ ಅವಳು ಎಡಗೈಯಲ್ಲಿ ಜಡೆ ಹಾಕಿಕೊಳ್ಳುವುದನ್ನು, ಎಡ ಸೊಂಟದಲ್ಲೇ ಕೊಡ ಹೊರುವುದನ್ನು ಕಲಿತಳು.

"ಆ ಸಾಬ ಮೋಸ ಮಾಡ್ಯಾನ. ಒದಿತೈತಿ ಇದು!" ಎಂದು ನಾಯಕರು ರೇಗಿದರು. ನನ್ನನ್ನು ದಿಬ್ಬಕ್ಕೆ ಒಯ್ದು ತಾವೇ ಹಾರಿಸಿ ನೋಡಿದರು. ನಾನು ಒದೆಯಲಿಲ್ಲ. ಮತ್ತೆ ಹಾರಿಸಿದರು. ಒದೆಯಲಿಲ್ಲ. ನನ್ನನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಹಳ ಹೊತ್ತು ಅಲ್ಲೇ ಕುಳಿತರು. ಮನೆಗೆ ಬಂದು ಗೋಡೆಯ ಗೂಟಕ್ಕೆ ನೇತುಹಾಕಿದವರು ಮತ್ತೆ ನನ್ನನ್ನು ಇಳಿಸಲಿಲ್ಲ.

ಈಗ ನಾನು ಪೊಲೀಸ್ ಠಾಣೆಯ ಮಾಲಖಾನೆಯಲ್ಲಿ, ಅಂದರೆ ಸಾಮಾನಿಡುವ ಕೋಣೆಯಲ್ಲಿ, ಒಂದು ಮೂಲೆಗೆ ಒರಗಿಕೊಂಡಿದ್ದೇನೆ. ನನ್ನಂಥ ಎಷ್ಟೋ ಬಂದೂಕುಗಳು ಇಲ್ಲಿವೆ, ಎಲ್ಲಕ್ಕೂ ಧೂಳು. ಬೇಟೆ ನಿಂತು ಕಾಲವಾಯಿತು. ಮೈಯೆಲ್ಲ ತುಕ್ಕು. ಅಂದು ಬಯಸಿದ ತುಕ್ಕು ಇಂದು ಬಂದಿದೆ, ಯಾರಿಗೂ ಬೇಡವಾದ ಮೇಲೆ. ನನ್ನನ್ನು ಹಿಡಿದವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಆ ಮುದುಕ ಆ ಹುಡುಗಿಯನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದ. ಅದನ್ನು ನೆನೆದರೇ ನನಗೆ ಹೆಚ್ಚು ಸಂಕಟ.

ಇಲ್ಲಿಗೆ ಬಂದ ದಿನದ ಮಾತು ಹೇಳಿ ಮುಗಿಸುತ್ತೇನೆ. ಯಾವುದೋ ಚುನಾವಣೆ. ಊರಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಿತ್ತು. ನಾಯಕರಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. ಅವರನ್ನು ಕೈಹಿಡಿದು ಕರೆತಂದವಳು ಹುಲಿಗೆವ್ವ. ಎತ್ತರದ ಹೆಣ್ಣಾಗಿ ಬೆಳೆದಿದ್ದಳು. ಪೇದೆಯೊಬ್ಬ ನನ್ನನ್ನು ಹೆಗಲಿಗೆ ಏರಿಸಿ ನೋಡಿ, "ಏನ್ ಹಗುರ ಐತ್ರಿ ಯಜಮಾನರ! ಸಣ್ಣ ಹುಡುಗರೂ ಹೊಡಿಬಹುದು ನೋಡ್ರಿ," ಎಂದ.

"ಇದನ್ನ ವಾಪಸ್ ಒಯ್ಯಂಗಿಲ್ಲಪ್ಪ. ಇಲ್ಲೇ ಇರ್ಲಿ," ಎಂದರು ನಾಯಕರು.

ಬಾಗಿಲವರೆಗೆ ಹೋದವರು ನಿಂತರು. ಮೊಮ್ಮಗಳ ಕಡೆ ಮುಖ ಮಾಡಿ, ಬಹಳ ಮೆಲ್ಲಗೆ ಕೇಳಿದರು.

"ಅವತ್ತ ನಿನಗ ಮನಸ್ಸಿತ್ತೇನವ್ವಾ?"

ಹುಲಿಗೆವ್ವ ಅವರತ್ತ ತಿರುಗಿದಳು.

"ಅವತ್ತs ಕೇಳಬೇಕಿತ್ತು ಮುತ್ಯಾ," ಎಂದಳು.

ಮೆಟ್ಟಿಲು ಇಳಿಯಲು ಆಸರೆಗಾಗಿ ನಾಯಕರ ಕೈ ತಡಕಾಡಿ ಅವಳ ಬಲ ಹೆಗಲಿಗೆ ಬಂತು. ಅವಳು ಆ ಕೈಯನ್ನು ಮೆಲ್ಲಗೆ ಎತ್ತಿ, ಎಡ ಹೆಗಲಿನ ಮೇಲೆ ಇಟ್ಟುಕೊಂಡು ಮುಂದೆ ನಡೆದಳು.