ಎರಡೂ ಕಣ್ಣು ತೆರೆದು ತೆಗೆದ ಅಳತೆ

ಇನ್ನೂ ಏನೂ ಆಗಿಲ್ಲವಲ್ಲ, ಆಗದೇ ಇರುವುದಕ್ಕೆ ಪಾಪವೆಂದು ಹೆಸರಿಡುವುದು ಹೇಗೆ? ಕನ್ನಡಕ ಕೂರಿಸುವುದು ತನ್ನ ಹೊಟ್ಟೆಪಾಡು. ಗಿರಾಕಿಯ ಕಿವಿಯ ಹಿಂದೆ ಬೆರಳಾಡಿಸದೆ ಕಡ್ಡಿ ಎಲ್ಲಿ ಬಗ್ಗಬೇಕೆಂದು ಯಾರಿಗೆ ತಾನೇ ಗೊತ್ತಾಗುತ್ತದೆ? ಮುದುಕರ ಕಿವಿ, ಮಕ್ಕಳ ಕಿವಿ, ಬೆವರಿದ ಕಿವಿ, ಎಲ್ಲವನ್ನೂ ಮುಟ್ಟಿದ ಬೆರಳುಗಳೇ ಇವು. ಆದರೆ ಬೇರೆ ಯಾರ ಕಿವಿಯ ನೆನಪನ್ನೂ ಈ ಬೆರಳುಗಳು ಮನೆಗೆ ಹೊತ್ತುಕೊಂಡು ಹೋಗಿರಲಿಲ್ಲ.

ಹೀಗೆ ತನ್ನೊಳಗೇ ವಾದಿಸುತ್ತ ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಅಂಗಡಿಯ ಗಾಜಿನ ಬಾಗಿಲಾಚೆ, ರಸ್ತೆಯ ಆ ಬದಿಯಲ್ಲಿ, ಪಿಯಾನೋ ಟೀಚರ್ ಹಣೆಗೆ ಕೈ ಒತ್ತಿಕೊಂಡು ದಾಟಲು ಕಾಯುತ್ತಿದ್ದರು. ಒಳಕೋಣೆಯಲ್ಲಿ ಭಾವ, ಎಂದರೆ ಹೆಂಡತಿಯ ಅಣ್ಣ, ಈ ಅಂಗಡಿಯ ಯಜಮಾನ, ಹೊಸ ಗಾಜು ತರಲು ಹೊರಡುತ್ತಿದ್ದರು. ಅವರು ಹೋದರೆ ಸಂಜೆಯವರೆಗೆ ಅಂಗಡಿಯಲ್ಲಿ ಅವನೊಬ್ಬನೇ.

ತಪ್ಪಾಗಿದ್ದು ಟೀಚರ್ ಮೊದಲ ಸಲ ಬಂದಾಗ. ಎರಡು ಕಣ್ಣುಪಾಪೆಗಳ ನಡುವಿನ ದೂರವನ್ನು ಪಟ್ಟಿ ಹಿಡಿದು ಅಳೆಯುವವನು ತನ್ನ ಒಂದು ಕಣ್ಣು ಮುಚ್ಚಿಕೊಳ್ಳಬೇಕು. ಗಿರಾಕಿ ಅವನ ತೆರೆದ ಕಣ್ಣನ್ನು ನೋಡಬೇಕು. ಆಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಕೆಲಸ ಕಲಿಯಲು ಬಂದವನಿಗೆ ಮೊದಲು ಹೇಳಿಕೊಡುವ ಪಾಠವಿದು. ಅಂದು ಅವನು ಎರಡೂ ಕಣ್ಣು ತೆರೆದೇ ಕೂತಿದ್ದ. ಪಟ್ಟಿ ಅವರ ಮೂಗಿನ ಮೇಲಿತ್ತು, ಅವನ ನೋಟ ಪಟ್ಟಿಯ ಮೇಲಿರಲಿಲ್ಲ. ಗಾಜಿನ ನಡು ಕಣ್ಣಿನ ನಡುವಿಗೆ ಬಂದು ಕೂರಲಿಲ್ಲ.

ತಲೆನೋವೆಂದು ಅವರು ಎರಡನೆಯ ಸಲ ಬಂದಾಗಲೇ ಅವನಿಗೆ ಇದೆಲ್ಲ ಹೊಳೆದಿತ್ತು. ಹೊಳೆದರೂ ಮೂಗಿನ ಮೆತ್ತೆಯನ್ನು ಅಷ್ಟಿಷ್ಟು ಬಗ್ಗಿಸಿ, "ಹೊಸದಲ್ವಾ ಟೀಚರ್, ಕಣ್ಣಿಗೆ ಅಭ್ಯಾಸ ಆಗ್ಬೇಕು. ಆಗ್ಲಿಲ್ಲಾಂದ್ರೆ ಮತ್ತೆ ಬನ್ನಿ" ಎಂದಿದ್ದ. ಅದರಲ್ಲಿ ಮತ್ತೆ ಬನ್ನಿ ಎಂಬುದಷ್ಟೇ ನಿಜ. ಅಂದಿನಿಂದ ಮನೆಯ ಪ್ರಾರ್ಥನೆಯಲ್ಲಿ ಶೋಧನೆಯ ಮಾತು, ಎಂದರೆ ಕೆಟ್ಟ ಆಸೆಯ ಬಲೆಗೆ ನಮ್ಮನ್ನು ಬೀಳಿಸಬೇಡವೆಂದು ದೇವರನ್ನು ಬೇಡುವ ಮಾತು, ಬರುವಲ್ಲಿ ಅವನ ದನಿ ಇಳಿಯುತ್ತಿತ್ತು. ಒಮ್ಮೆ ಹೆಂಡತಿ ಕಣ್ಣು ತೆರೆದು ನೋಡಿದಳು. "ಗಂಟಲು ಕಟ್ಟಿದ್ಯಾ?" ಎಂದು ಬಿಸಿನೀರು ಕಾಯಿಸಿ ತಂದುಕೊಟ್ಟಳು. ಆ ಲೋಟ ಹಿಡಿದಾಗ ಅವನಿಗೆ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತ್ತು.

ಭಾವ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದರು. "ಏನಯ್ಯ, ಆ ಗಾಜು ನಿನಗೇನು ಅನ್ಯಾಯ ಮಾಡ್ತು? ತಿಕ್ಕಿ ತಿಕ್ಕಿ ಅದರ ಪವರ್ ಇಳಿಸಿಬಿಡ್ತೀಯ."

"ಧೂಳಿತ್ತು, ಭಾವ."

"ಯಾವ ಕಾಲದ ಧೂಳೋ! ಟೀಚರ್, ಬನ್ನಿ ಬನ್ನಿ. ಮತ್ತೇನಾಯ್ತು, ಫ್ರೇಮಿನ ಬಣ್ಣ ಬೇಜಾರಾಯ್ತಾ?"

"ಬಣ್ಣ ಎಲ್ಲಿ ನೋಡ್ಲಿ, ಎಲ್ಲಾ ಎರಡೆರಡು ಕಾಣ್ತಿದೆ." ಟೀಚರ್ ಕುರ್ಚಿಯಲ್ಲಿ ಕುಸಿದರು. "ಮಕ್ಕಳು ಸರಿಯಾಗಿ ನುಡಿಸಿದ್ರೂ ತಪ್ಪು ತಪ್ಪು ಅಂತ ಬೈತಿದ್ದೀನಿ. ನಿನ್ನೆ ತಲೆ ಸಿಡಿದು ಪಾಠಾನೇ ನಿಲ್ಲಿಸಿಬಿಟ್ಟೆ."

"ಇವನ ಕೈಗೆ ಕೊಡಿ. ತಂಗಿ ಗಂಡ ಅಂತ ಹೊಗಳ್ತಿಲ್ಲ, ಹೊಗಳಿದ್ರೆ ಸಂಬಳ ಜಾಸ್ತಿ ಕೇಳ್ತಾನೆ. ಕೈ ಮಾತ್ರ ಒಳ್ಳೇದು. ನಾನು ಬರ್ತೀನಿ, ಅಲ್ಲಿ ಮಳಿಗೆ ಮುಚ್ಚಿಬಿಡ್ತಾರೆ."

ಭಾವ ಬಾಗಿಲು ತೆರೆದರು. ರಸ್ತೆಯ ಸದ್ದು ಒಳಗೆ ನುಗ್ಗಿತು. ಟೀಚರ್ ಕನ್ನಡಕ ತೆಗೆದು ಅವನತ್ತ ಚಾಚಿದರು. ಮೂಗಿನ ಎರಡೂ ಬದಿ ಕೆಂಪಗೆ ಒತ್ತಿದ ಗುರುತಿತ್ತು. "ನೀವೇ ನೋಡಿ," ಎಂದರು ಮೆಲ್ಲಗೆ. "ನಿಮ್ಮ ಕೈಯಲ್ಲಾದ್ರೆ ನನಗೆ ಧೈರ್ಯ." ಮುಗುಳ್ನಕ್ಕರು.

ಅವನು ಕನ್ನಡಕವನ್ನು ಕೈಗೆ ತೆಗೆದುಕೊಂಡ. ತಾನೇ ಮತ್ತೆ ಅಳೆದು ಹೊಸ ಗಾಜು ಹಾಕಿದರೆ ಮುಗಿಯಿತಲ್ಲ? ತಪ್ಪು ತಿದ್ದಿದಂತೆಯೂ ಆಯಿತು, ಯಾರಿಗೂ ಗೊತ್ತಾಗದಂತೆಯೂ ಆಯಿತು. ಎಷ್ಟು ನೀಟಾದ ದಾರಿ! ಅಷ್ಟು ನೀಟಾಗಿದ್ದದ್ದಕ್ಕೇ ಅವನಿಗೆ ಭಯವಾಯಿತು. ಅಳೆಯಲು ಆ ಕಣ್ಣುಗಳೆದುರು ಗೇಣು ದೂರದಲ್ಲಿ ಕೂರಬೇಕು. ಈ ಸಲ ಒಂದು ಕಣ್ಣು ಮುಚ್ಚಿಯೇನೆಂದು ತನ್ನ ಮೇಲೆ ತನಗೇ ನಂಬಿಕೆಯಿರಲಿಲ್ಲ. ಭಾವನನ್ನು ಕರೆದರೋ, ಪಟ್ಟಿ ಇಟ್ಟ ಮರುಕ್ಷಣ ಅವರಿಗೆ ತಿಳಿಯುತ್ತದೆ. ನುರಿತ ಕೈ ಯಾರ ಮುಂದೆ ಆ ಪಾಠ ಮರೆಯಿತು, ಏಕೆ ಮರೆಯಿತು ಎಂದು ಊಹಿಸಲಾರದಷ್ಟು ದಡ್ಡರಲ್ಲ ಅವರು. ಮೇಲಾಗಿ ಹೆಂಡತಿಯ ಅಣ್ಣ.

ಭಾವ ಮೆಟ್ಟಿಲಿಳಿದಾಗಿತ್ತು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕರ್ತನೇ, ಎಂದುಕೊಂಡ.

"ಭಾವ!" ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಅವನು ಬಾಗಿಲಿಗೆ ಕೈ ಕೊಟ್ಟು ನಿಂತಿದ್ದ. "ಸ್ವಲ್ಪ ನಿಲ್ಲಿ. ಟೀಚರ್ ಅಳತೆ ನೀವೇ ತಗೊಳ್ಳಿ."

"ಮಳಿಗೆ ಮುಚ್ತಾರಯ್ಯ!"

"ಮುಚ್ಲಿ. ನಾನು ತಗೊಂಡ ಅಳತೆ ತಪ್ಪು."

ಟೀಚರ್ ಅವರ ಮುಗುಳ್ನಗೆ ಅರ್ಧಕ್ಕೇ ನಿಂತಿತು. ಭಾವ ಚೀಲವಿಳಿಸಿ ಎದುರು ಕೂತು, ಒಂದು ಕಣ್ಣು ಮುಚ್ಚಿ ಅಳೆದರು. ಅವರ ಕನ್ನಡಕದ ಗಾಜಿನ ಮೇಲೆ ಗುರುತು ಹಾಕಿ ನೋಡಿದರು. ಇನ್ನೊಮ್ಮೆ ಅಳೆದರು. "ತಪ್ಪು ನಮ್ಮದೇ, ಟೀಚರ್," ಎಂದರು ಕೊನೆಗೆ. "ಹೊಸ ಗಾಜು ಹಾಕಿಕೊಡ್ತೀನಿ. ಅಲ್ಲೀವರೆಗೆ ಇದಕ್ಕೂ ಮುಂಚಿನ ಹಳೇ ಕನ್ನಡಕ ಹಾಕ್ಕೊಳ್ಳಿ."

ಹೋಗುವಾಗ ಟೀಚರ್ ಅವನತ್ತ ನೋಡಿದರು. ಅವನು ತಿರುಪುಗಳ ಡಬ್ಬಿಯನ್ನು ನೋಡುತ್ತಿದ್ದ.

ಬಾಗಿಲು ಮುಚ್ಚಿತು. "ಕಣ್ಣು ಮುಚ್ಲಿಲ್ಲ," ಎಂದರು ಭಾವ.

"ಇಲ್ಲ."

"ಅವರು ಎರಡನೇ ಸಲ ಬಂದಾಗ್ಲೂ ಗೊತ್ತಾಗ್ಲಿಲ್ವಾ?"

ಇಲ್ಲವೆಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡ. "ಗೊತ್ತಾಗಿತ್ತು."

ಭಾವನ ಮುಖಕ್ಕೆ ರಕ್ತ ನುಗ್ಗಿತು. "ಗೊತ್ತಿದ್ದೂ ಆ ಹೆಣ್ಣುಮಗಳ ತಲೆ ನೋಯಿಸಿದೆ. ಮನೆಯಲ್ಲಿ ನನ್ನ ತಂಗಿ ಏನು ತಿಳ್ಕೊಂಡಿದ್ದಾಳೆ?"

"ಗಂಟಲು ಕಟ್ಟಿದೆ ಅಂತ ತಿಳ್ಕೊಂಡಿದ್ದಾಳೆ. ಏನೂ ನಡೆದಿಲ್ಲ, ಭಾವ. ನಡೀಬಾರ್ದು ಅಂತಲೇ ನಿಮ್ಮನ್ನ ಕೂಗಿದ್ದು."

ಬೈದಿದ್ದರೆ ಹಗುರವಾಗುತ್ತಿತ್ತು. ಭಾವ ಬೈಯಲಿಲ್ಲ. ಪಟ್ಟಿಯನ್ನು ತಮ್ಮ ಜೇಬಿಗೇ ಹಾಕಿಕೊಂಡರು. "ನಾಳೆಯಿಂದ ಒಳಗೆ ಕೂತು ಗಾಜು ಉಜ್ಜು. ಮುಂದಿನ ಕುರ್ಚಿ ನಾನು ನೋಡ್ಕೋತೀನಿ."

"ಸರಿ."

"ಎಷ್ಟು ದಿನ ಅಂತ ಕೇಳಲ್ವಾ?"

"ಇಲ್ಲ, ಭಾವ."

ಆಮೇಲೆ ಅಂಗಡಿಯಲ್ಲಿ ತಮಾಷೆ ನಿಂತಿತು. ಊಟದ ಡಬ್ಬಿ ಬಿಚ್ಚುವಾಗಲೂ ಭಾವ ಗುರುತಿಲ್ಲದವರೊಡನೆ ಮಾತಾಡಿದಂತೆ ಅಳೆದು ಮಾತಾಡುತ್ತಿದ್ದರು. ಉಜ್ಜುವ ಯಂತ್ರದ ನೀರು ತಾಗಿ ಅವನ ಬೆರಳು ಸುಕ್ಕಾಗುತ್ತಿತ್ತು. ಮನೆಯ ಪ್ರಾರ್ಥನೆಯಲ್ಲಿ ದನಿ ಇನ್ನೂ ಇಳಿಯುತ್ತಿತ್ತು, ಆದರೆ ಈಗ ಅವನು ಆ ಮಾತನ್ನು ನುಂಗದೆ ಪೂರ್ತಿ ಹೇಳುತ್ತಿದ್ದ.

ಹೊಸ ಗಾಜು ಸಿದ್ಧವಾದ ದಿನ ಟೀಚರ್ ಕನ್ನಡಕ ಹಾಕಿಕೊಂಡು ಒಳಕೋಣೆಯ ಬಾಗಿಲವರೆಗೆ ಬಂದರು. ಭಾವ ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. ಕಿವಿ ಮಾತ್ರ ಇತ್ತಲೇ ಇತ್ತು.

"ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ!"

"ಒಳ್ಳೇದಾಯ್ತು, ಟೀಚರ್."

"ನೀವ್ಯಾಕೆ ಇಲ್ಲಿ ಮೂಲೆ ಸೇರಿದ್ರಿ? ನಾನು ದೂರು ಹೇಳಿದ್ದಕ್ಕೆ ಕೋಪನಾ?"

"ಅಯ್ಯೋ, ಇಲ್ಲ. ತಪ್ಪು ನನ್ನದೇ. ನೀವು ಹೇಳಿದ್ದೇ ಒಳ್ಳೇದಾಯ್ತು."

"ಒಂದು ಅಳತೆ ತಪ್ಪಿದ್ದಕ್ಕೆ ಇಷ್ಟೊಂದು ಶಿಕ್ಷೆನಾ?"

ಟೀಚರ್ ಅಲ್ಲೇ ನಿಂತಿದ್ದರು, ಉತ್ತರಕ್ಕಾಗಿ. ಅವನು ಗಾಜನ್ನು ಯಂತ್ರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ನೀರು ಚಿಮ್ಮಿತು, ಸದ್ದು ಕೋಣೆ ತುಂಬಿತು. ಕೊಂಚ ಹೊತ್ತು ನೋಡಿ ಅವರು ಹೊರಟುಹೋದರು.

ಅವರ ಮೇಲೆ ತನಗೆ ಮನಸ್ಸಾಗಿತ್ತೆಂದು ಅವನು ಅವರಿಗೆ ಎಂದೂ ಹೇಳಲಿಲ್ಲ.