ಕುರ್ಚಿ ಹೊಡೆದ ಗೋಲು

"ಕಲ್ಲಿಗೆ ಎದಿ ತಾಗಿಸಬ್ಯಾಡಲೇ ಸೂಳೆಮಗನ, ಹಗ್ಗ ಹಾಕಿ ಜಗ್ಗು. ನಮ್ಮಪ್ಪನ ಹೆಸರದ ಅದರ ಮ್ಯಾಲ."

ಮಹಾರುದ್ರಪ್ಪ ಸಾಹುಕಾರ ಹೀಗೆ ಬೈಯುವಾಗ ಅವನ ಆಳು ವೈಜಿನಾಥ ಬಸವಕಲ್ಯಾಣದ ಮೈದಾನದ ನಡುವೆ ಸ್ಮಾರಕದ ಕಲ್ಲು ಎಳೆಯುತ್ತಿದ್ದ. 'ಹುಮನಾಬಾದಿನ ವಿರುದ್ಧ ೧೯೫೭ರಲ್ಲಿ ಇಲ್ಲಿಂದ ಗೋಲು ಹೊಡೆದ ಬಸವಣಪ್ಪನವರು' ಎಂದು ಅದರ ಮೇಲೆ ಕೊರೆದಿತ್ತು. ವೈಜಿನಾಥನಿಗೆ ಓದು ಬಾರದು. ಓದಿ ಹೇಳಿದವರು ಯಾರೂ ನಗಲಿಲ್ಲ.

ಆ ಗೋಲು ಹೊಡೆದವನು ವೈಜಿನಾಥನೇ. ಅಂದು ಫುಟ್‌ಬಾಲ್ ಆಡುವವರು ಒಬ್ಬರು ಕಡಿಮೆ ಬಿದ್ದು, ಯಾರಿಗೂ ತಾಗಕೂಡದೆಂಬ ಕರಾರಿನ ಮೇಲೆ ಅವನನ್ನು ಹೊಲಗೇರಿಯಿಂದ ಕರೆಸಿದ್ದರು. ಚೆಂಡು ಅವನ ಕಾಲಿಗೆ ಬಂದದ್ದೇ ತಡ, ಮೈಲಿಗೆಯಾದೀತೆಂದು ಎರಡೂ ಕಡೆಯವರು ದಾರಿ ಬಿಟ್ಟರು. ಬರಿಗಾಲಲ್ಲಿ ನೇರ ಹೋಗಿ ಹೊಡೆದ. ಜನ ಅವನನ್ನು ಎತ್ತಿ ಮೆರೆಸಲು ಓಡಿ ಬಂದವರು, ಎರಡು ಮಾರು ದೂರದಲ್ಲಿ ಜಾತಿ ನೆನಪಾಗಿ ನಿಂತರು. ಚಾಚಿದ ಕೈಗಳಿಗೆ ಯಾರಾದರೂ ಬೇಕಾಗಿತ್ತು. ಆಟ ನೋಡಲು ಬಂದು ಕೊಡೆಯ ಕೆಳಗೆ ನಿದ್ದೆ ಹೋಗಿದ್ದ ಹಿರಿಯ ಸಾಹುಕಾರ ಬಸವಣಪ್ಪನನ್ನು ಕುರ್ಚಿ ಸಮೇತ ಎತ್ತಿ ಊರು ಸುತ್ತಿಸಿದರು. ಮೆರೆದವನೇ ಹೊಡೆದವನೆಂದು ಊರು ತಿಳಿಯಿತು. ಇಪ್ಪತ್ತೊಂದು ವರ್ಷದಲ್ಲಿ ಮೈದಾನದಲ್ಲಿದ್ದವರಿಗೂ ಹಾಗೆಯೇ ನೆನಪಾಗತೊಡಗಿತ್ತು.

ಈಗ ಅವನ ಮಗ ಮಹಾರುದ್ರಪ್ಪ ಚುನಾವಣೆಗೆ ನಿಂತಿದ್ದ. ಆ ತಂಡದಲ್ಲಿ ಇನ್ನೂ ಊರಲ್ಲಿ ಉಳಿದವನು ವೈಜಿನಾಥ ಒಬ್ಬನೇ ಆದ್ದರಿಂದ, ಸಭೆಯಲ್ಲಿ ಅವನೇ ಸಾಕ್ಷಿ ಹೇಳಬೇಕೆಂದು ಸಾಹುಕಾರ ತಾಕೀತು ಮಾಡಿದ್ದ. ವೈಜಿನಾಥನ ಗುಡಿಸಲು ಇದ್ದದ್ದು ಸಾಹುಕಾರನ ಜಾಗದಲ್ಲಿ. ಹೇಳಿ ಬಂದುಬಿಡು, ಮಳೆಗಾಲ ಬಂತು ಎಂದಳು ಹೆಂಡತಿ ಶೇವಂತಾಬಾಯಿ.

ಸಭೆಗೆ ಹುಮನಾಬಾದಿನ ಅಂದಿನ ಗೋಲ್‌ಕೀಪರ್ ಅಜೀಮುದ್ದೀನನನ್ನೂ ಕರೆಸಿದ್ದರು. ಕಲ್ಲಿನ ಬರಹ ಓದಿ ಅವನ ಮುಖ ಕಪ್ಪಿಟ್ಟಿತು. ವೈಜಿನಾಥನ ಹತ್ತಿರ ಬಂದು ಹೇಳಿದ: "ಕುರ್ಚಿ ಮ್ಯಾಲ ಮಲಗಿದಾಂವ ನನಗ ಗೋಲ್ ಹಾಕ್ದಾ ಅಂದ್ರ ನನ್ನ ಇಜ್ಜತ್ ಏನಾಯ್ತಪಾ? ನೀ ಹೊಡದಿ, ನಾ ಬಿದ್ದೆ. ಮೊಣಕೈ ಇನ್ನೂ ನೋಯ್ತದ."

ಅಷ್ಟರಲ್ಲಿ, ಆ ಪಂದ್ಯದ ತೊಗಲಿನ ಚೆಂಡನ್ನು ಸ್ಮಾರಕದ ಪೀಠದ ಮೇಲೆ ಇಡಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಗಾಳಿ ಹೋದರೆ ತೊಗಲಿನ ದೋಷವೂ ಹೋಗುತ್ತದೆಂದು ಪೂಜಾರಿ ದತ್ತಾತ್ರಿ ತೀರ್ಪು ಕೊಟ್ಟು, ಚಪ್ಪಟೆ ಚೆಂಡಿಗೆ ಹಾಲೆರೆದ. ಹಿರಿಯರು ಕಣ್ಣು ಮುಚ್ಚಿ ಕೈಮುಗಿದರು.

ವೈಜಿನಾಥನ ಸರದಿ ಬಂತು. ವೇದಿಕೆಯ ಕೆಳಗೆ ನಿಲ್ಲಿಸಿ, ಮುಟ್ಟದೆ ಮಾತಾಡು ಎಂದು ಮೈಕನ್ನು ವೈರಿನಿಂದ ಇಳಿಬಿಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದ.

"ಗೋಲ್ ನಾ ಹೊಡದೀನ್ರಿ. ಧಣ್ಯಾರು ಕುರ್ಚ್ಯಾಗ ನಿದ್ದಿ ಹೊಡೀತಿದ್ರು."

ಮೈಲಿಗೆಯಾಯಿತೆಂದು ದತ್ತಾತ್ರಿ ಓಡಿ ಬಂದು ಮೈಕಿನ ಮೇಲೆ ತೀರ್ಥ ಸುರಿದ. ಮೈಕು ಒಮ್ಮೆ ಕಿರುಚಿ ಸತ್ತಿತು. ಸಾಹುಕಾರ ಎದ್ದು ಕೂಗಾಡಿದ. ಅವನ ದನಿ ಎರಡನೆಯ ಸಾಲು ದಾಟಲಿಲ್ಲ. ವೈಜಿನಾಥನದು ಮೂವತ್ತು ವರ್ಷ ಜೋಳದ ಹೊಲದಲ್ಲಿ ಹಕ್ಕಿ ಓಡಿಸಿದ ಗಂಟಲು. ಅವನು ಜನರ ನಡುವೆ ನಡೆದುಹೋಗಿ ಕಲ್ಲಿನ ಮೇಲೆ ಹತ್ತಿ ನಿಂತು, ಮೊದಲಿಂದ ಹೇಳತೊಡಗಿದ. ಮೊದಲು ಅಜೀಮುದ್ದೀನ್ ತನ್ನ ಕುರ್ಚಿ ಆ ಕಡೆ ತಿರುಗಿಸಿದ. ಆಮೇಲೆ ಹಿಂದಿನ ಸಾಲುಗಳೂ ವೇದಿಕೆಗೆ ಬೆನ್ನು ಹಾಕಿದವು.

ದನಿ ಗುಡಿಸಲಿನವರೆಗೂ ಕೇಳಿತು. ಶೇವಂತಾಬಾಯಿ ನಿಟ್ಟುಸಿರಿಟ್ಟು, ಬೀಸುವ ಕಲ್ಲನ್ನೂ ಗಡಿಗೆಗಳನ್ನೂ ಹೊರಗೆ ತಂದಿಟ್ಟಳು. ತಗಡು ಕೀಳಲು ಬಂದ ಸಾಹುಕಾರನ ಆಳುಗಳಿಬ್ಬರು ಮಾಡಿನ ಮೇಲೆ, ಅರ್ಧ ಎಬ್ಬಿಸಿದ ತಗಡು ಕೈಯಲ್ಲಿ ಹಿಡಿದುಕೊಂಡು, ಮೈದಾನದ ಕಡೆ ಕಿವಿಗೊಟ್ಟು ನಿಂತಿದ್ದರು.